ರೂಪ ಬದಲಿಸುವ ಫಲಕಗಳು

ಮಾಹಿತಿಯನ್ನು ತೋರಿಸುವ ಸಾಧನವೆಂದರೆ ಬೆಳಗುವ ಗಾಜಿನ ಪರದೆ ಎಂಬ ಭಾವನೆ ಇಂದು ಆಳವಾಗಿ ಬೇರೂರಿದೆ. ಆದರೆ ತಮ್ಮ ಆಕಾರವನ್ನೇ ಮಾರ್ಪಡಿಸಿಕೊಂಡು, ಉಬ್ಬಿಯೋ ಬಾಗಿಯೋ ತೆರೆದೋ ಮುಚ್ಚಿಯೋ ಕಣ್ಣಿಗೆ ಅಥವಾ ಬೆರಳಿಗೆ ಅರ್ಥವನ್ನು ಮುಟ್ಟಿಸುವ ಸಾಧನಗಳೂ ಇವೆ. ಅವುಗಳನ್ನು ರೂಪ ಬದಲಿಸುವ ಫಲಕಗಳು ಎಂದು ಕರೆಯಬಹುದು. ಇವುಗಳಲ್ಲಿ ಒಂದು ವರ್ಗ ವಿಶೇಷವಾಗಿ ಗಮನಿಸತಕ್ಕದ್ದು. ಆ ವರ್ಗದ ಫಲಕದೊಳಗೆ ಚಿಪ್ಪಾಗಲಿ ಮೋಟಾರಾಗಲಿ ಬ್ಯಾಟರಿಯಾಗಲಿ ಇರುವುದಿಲ್ಲ. ಗಾಳಿಯ ತೇವ, ಬಿಸಿಲಿನ ಕಾವು, ಹರಿಯುವ ಗಾಳಿಯ ಒತ್ತಡ ಇವೇ ಅದನ್ನು ನಡೆಸುತ್ತವೆ. ಈ ಭಾಷಣದ ವಿಷಯ ಅಂಥ ಫಲಕಗಳು, ಅವುಗಳ ಹಿಂದಿರುವ ಭೌತಶಾಸ್ತ್ರ ಮತ್ತು ಅವು ನಿಜವಾಗಿ ಸಲ್ಲುವ ಎಡೆ.

ಯಾವುದೇ ಫಲಕ ಮೂರು ಕೆಲಸಗಳನ್ನು ಮಾಡಬೇಕಾಗುತ್ತದೆ: ಹೊರಗಿನ ಸ್ಥಿತಿಯನ್ನೋ ಆಜ್ಞೆಯನ್ನೋ ಅರಿಯುವುದು, ಅರಿತದ್ದಕ್ಕೆ ತಕ್ಕ ಆಕಾರ ಯಾವುದೆಂದು ನಿರ್ಧರಿಸುವುದು, ಆ ಆಕಾರಕ್ಕೆ ಮೇಲ್ಮೈಯನ್ನು ತರುವುದು. ವಿದ್ಯುನ್ಮಾನ ಫಲಕದಲ್ಲಿ ಈ ಮೂರೂ ಬೇರೆಬೇರೆ ಅಂಗಗಳ ಪಾಲಾಗಿರುತ್ತವೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಹಿರೋಶಿ ಇಶಿಯಿ ಅವರ ತಂಡ 2013ರಲ್ಲಿ ಪ್ರಕಟಿಸಿದ ‘ಇನ್‌ಫಾರ್ಮ್’ ಎಂಬ ಮೇಜು ಇದಕ್ಕೆ ಒಳ್ಳೆಯ ನಿದರ್ಶನ. ಅದರ ಮೇಲೆ 30 ಸಾಲುಗಳಲ್ಲಿ, ಸಾಲಿಗೆ 30ರಂತೆ, ಒಟ್ಟು 900 ಕಡ್ಡಿಗಳು ನಿಂತಿವೆ. ಕ್ಯಾಮೆರಾ ಮನುಷ್ಯನ ಕೈಯ ಚಲನೆಯನ್ನು ನೋಡುತ್ತದೆ, ಕಂಪ್ಯೂಟರ್ ಲೆಕ್ಕ ಹಾಕುತ್ತದೆ, ಮೋಟಾರುಗಳು ಕಡ್ಡಿಗಳನ್ನು 10 ಸೆಂಟಿಮೀಟರ್‌ವರೆಗೆ ಏರಿಸಿ ಇಳಿಸುತ್ತವೆ. ಮೇಜಿನ ಮೇಲೆ ಬೆಟ್ಟ, ಕಣಿವೆ, ಅಲೆ ಯಾವುದು ಬೇಕಾದರೂ ಎದ್ದು ನಿಲ್ಲುವುದನ್ನು ಕಂಡವರಿಗೆ ಅದು ಬೆರಗನ್ನು ತರುತ್ತದೆ. ಆದರೆ ಅದರ ಬೆಲೆಯೂ ಕಣ್ಣಿಗೆ ಬೀಳುವಂಥದು: ಪ್ರತಿಯೊಂದು ಕಡ್ಡಿಗೂ ಒಂದು ಮೋಟಾರು ಬೇಕು, ಮೋಟಾರು ಕಡ್ಡಿಗಿಂತ ದಪ್ಪವಾದುದರಿಂದ ಅವೆರಡನ್ನೂ ಜೋಡಿಸುವ ಬಾಗುಸರಳುಗಳು ಬೇಕು, ಮೇಲ್ಮೈ ಹಿಗ್ಗಿದಂತೆಲ್ಲ ಈ ಕೆಳಗಿನ ಸಂಸಾರವೂ ಅಷ್ಟೇ ಹಿಗ್ಗುತ್ತದೆ.

ಮೂರು ಕೆಲಸಗಳನ್ನೂ ಒಂದೇ ವಸ್ತುವಿಗೆ ಒಪ್ಪಿಸಲು ಸಾಧ್ಯವೆ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿ. ಸಾಧ್ಯವೆಂಬುದಕ್ಕೆ ವಿದ್ಯುತ್ತಿಗಿಂತ ಹಳೆಯದಾದ ಸಾಕ್ಷ್ಯಗಳಿವೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿ ಸೊಸ್ಯೂರ್ 18ನೆಯ ಶತಮಾನದಲ್ಲಿ ಮನುಷ್ಯನ ತಲೆಗೂದಲಿನಿಂದ ಆರ್ದ್ರತಾಮಾಪಕವನ್ನು, ಎಂದರೆ ಗಾಳಿಯ ತೇವವನ್ನು ಅಳೆಯುವ ಉಪಕರಣವನ್ನು ರಚಿಸಿ, 1783ರಲ್ಲಿ ಅದರ ವಿವರಗಳನ್ನು ಗ್ರಂಥರೂಪದಲ್ಲಿ ಪ್ರಕಟಿಸಿದರು. ಪೂರ್ತಿ ಒಣಗಿದ ಸ್ಥಿತಿಯಿಂದ ಪೂರ್ತಿ ತೇವದ ಸ್ಥಿತಿಗೆ ಬರುವಾಗ ಕೂದಲು ತನ್ನ ಉದ್ದದ ಶೇಕಡ 2ರಿಂದ 2.5ರಷ್ಟು ನೀಳವಾಗುತ್ತದೆ, ಆ ಅಲ್ಪ ವ್ಯತ್ಯಾಸವನ್ನೇ ಒಂದು ಮುಳ್ಳು ಹಿಗ್ಗಿಸಿ ತೋರಿಸುತ್ತದೆ. ಜರ್ಮನಿ ಮತ್ತು ಆಲ್ಪ್ಸ್ ಸೀಮೆಯ ಮನೆಗಳಲ್ಲಿ ಗೋಡೆಗೆ ತೂಗುಹಾಕುವ ಪುಟ್ಟ ಹವಾಮಾನದ ಮನೆ ಇದೇ ತತ್ತ್ವದ ಮೇಲೆ ನಡೆಯುತ್ತದೆ. ಅದರಲ್ಲಿ ಹುರಿಮಾಡಿದ ಕರುಳಿನ ತಂತಿಗೆ ಒಂದು ಅಡ್ಡಪಟ್ಟಿಯನ್ನು ತೂಗುಬಿಟ್ಟಿರುತ್ತಾರೆ. ಗಾಳಿಯಲ್ಲಿ ತೇವ ಹೆಚ್ಚಿದಾಗ ತಂತಿಯ ಹುರಿ ಸಡಿಲಗೊಂಡು ಪಟ್ಟಿ ತಿರುಗುತ್ತದೆ, ಅದರ ಒಂದು ತುದಿಯಲ್ಲಿರುವ ಕೊಡೆ ಹಿಡಿದ ಗಂಡಸಿನ ಗೊಂಬೆ ಹೊರಬರುತ್ತದೆ. ಹವೆ ಒಣಗಿದಾಗ ಅದು ಒಳಸರಿದು ಇನ್ನೊಂದು ತುದಿಯ ಹೆಂಗಸಿನ ಗೊಂಬೆ ಹೊರಬರುತ್ತದೆ. ಅರಿಯುವುದೂ ನಿರ್ಧರಿಸುವುದೂ ಚಲಿಸುವುದೂ ಆ ಒಂದು ತಂತಿಯೇ.

ಪ್ಯಾರಿಸ್ಸಿನ ಯೂಜೆನ್ ಬೂರ್ಡಾನ್ 1849ರಲ್ಲಿ ಹಕ್ಕುಪತ್ರ ಪಡೆದ ಒತ್ತಡಮಾಪಕವೂ ಈ ಕುಲಕ್ಕೆ ಸೇರಿದ್ದು. ಚಪ್ಪಟೆಯಾದ ಲೋಹದ ಕೊಳವೆಯೊಂದನ್ನು ಕಮಾನಿನಂತೆ ಬಾಗಿಸಿ ತುದಿಯನ್ನು ಮುಚ್ಚಿದರೆ, ಒಳಗೆ ಒತ್ತಡ ಏರಿದಂತೆ ಕೊಳವೆ ದುಂಡಗಾಗಲು ಯತ್ನಿಸುತ್ತ, ಅದರೊಡನೆ ಬಾಗು ಬಿಚ್ಚಿ ನೇರವಾಗಲು ತೊಡಗುತ್ತದೆ; ತುದಿಯ ಈ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಆಸ್ಪತ್ರೆಗಳ ಆಮ್ಲಜನಕದ ಸಿಲಿಂಡರುಗಳ ಮೇಲೆ, ಕಾರ್ಖಾನೆಗಳ ಬಾಯ್ಲರುಗಳ ಮೇಲೆ ಇಂದಿಗೂ ಇದೇ ಮಾಪಕ ಕೆಲಸ ಮಾಡುತ್ತಿದೆ.

ಉಷ್ಣಕ್ಕೆ ಸ್ಪಂದಿಸುವ ದ್ವಿಲೋಹ ಪಟ್ಟಿ ಇನ್ನೂ ಹಳೆಯದು. ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹಗಳ ಪಟ್ಟಿಗಳನ್ನು ಒಂದಕ್ಕೊಂದು ಬಿಗಿಯಾಗಿ ಬೆಸೆದರೆ ದ್ವಿಲೋಹ ಪಟ್ಟಿಯಾಗುತ್ತದೆ; ಇಂಗ್ಲೆಂಡಿನ ಗಡಿಯಾರ ತಜ್ಞ ಜಾನ್ ಹ್ಯಾರಿಸನ್ 18ನೆಯ ಶತಮಾನದಲ್ಲಿ ತಮ್ಮ ಮೂರನೆಯ ನೌಕಾ ಗಡಿಯಾರದಲ್ಲಿ ಇದನ್ನು ಬಳಸಿದರು. ತಾಪ ಒಂದು ಡಿಗ್ರಿ ಸೆಲ್ಸಿಯಸ್ ಏರಿದಾಗ ಹಿತ್ತಾಳೆ ತನ್ನ ಉದ್ದದ 10 ಲಕ್ಷ ಭಾಗಗಳಲ್ಲಿ ಸುಮಾರು 19 ಭಾಗದಷ್ಟು ಹಿಗ್ಗಿದರೆ ಉಕ್ಕು ಸುಮಾರು 12 ಭಾಗದಷ್ಟು ಹಿಗ್ಗುತ್ತದೆ. ಈ ವ್ಯತ್ಯಾಸ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಆದರೆ ಎರಡೂ ಲೋಹಗಳು ಬೇರ್ಪಡಲಾರದೆ ಒಂದನ್ನೊಂದು ಎಳೆಯುವುದರಿಂದ ಪಟ್ಟಿ ಬಾಗುತ್ತದೆ, ಬಾಗಿನಲ್ಲಿ ಆ ಅಲ್ಪ ವ್ಯತ್ಯಾಸ ದೊಡ್ಡ ಚಲನೆಯಾಗಿ ಹೊರಬೀಳುತ್ತದೆ. ಉದ್ದದ ವ್ಯತ್ಯಾಸವನ್ನು ಬಾಗಾಗಿ ಪರಿವರ್ತಿಸುವ ಈ ಉಪಾಯವೇ ವಿದ್ಯುನ್ಮಾನವಿಲ್ಲದ ಫಲಕಗಳಲ್ಲಿ ಬಹುಪಾಲಿನ ಮೂಲಮಂತ್ರ.

ಸಸ್ಯಲೋಕ ಈ ಉಪಾಯವನ್ನು ಲೋಹಗಳ ಕಾಲಕ್ಕಿಂತ ಎಷ್ಟೋ ಮೊದಲೇ ಬಳಸಿಕೊಂಡಿತ್ತು. ಪೈನ್ ಮರದ ಶಂಕುವಿನಲ್ಲಿ ಬೀಜಗಳನ್ನು ಕಾಯುವ ಹಲಗೆಯಂಥ ಎಸಳುಗಳು ಒಣಹವೆಯಲ್ಲಿ ತೆರೆದುಕೊಂಡು ಬೀಜಗಳನ್ನು ಗಾಳಿಗೆ ಬಿಡುತ್ತವೆ, ಮಳೆ ಬಂದಾಗ ಮುಚ್ಚಿಕೊಳ್ಳುತ್ತವೆ. ಬ್ರಿಟನ್ನಿನ ಡಾಸನ್, ವಿನ್ಸೆಂಟ್ ಮತ್ತು ರೋಕಾ ಎಂಬ ವಿಜ್ಞಾನಿಗಳು 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದರ ಕಾರಣವನ್ನು ವಿವರಿಸಿದರು. ಪ್ರತಿ ಎಸಳಿನಲ್ಲೂ ಎರಡು ಪದರಗಳಿವೆ. ಎರಡರಲ್ಲೂ ಇರುವುದು ಸೆಲ್ಯುಲೋಸ್ ಎಂಬ ಒಂದೇ ನಾರಿನ ವಸ್ತು, ಆದರೆ ಆ ನಾರು ಜೀವಕೋಶಗಳ ಸುತ್ತ ಸುತ್ತಿಕೊಂಡಿರುವ ಕೋನ ಬೇರೆಬೇರೆ. ಹೊರಪದರದ ನಾರು ಹೆಚ್ಚುಕಡಿಮೆ ಅಡ್ಡಕ್ಕೆ ಸುತ್ತಿರುವುದರಿಂದ ತೇವ ತಗಲಿದಾಗ ಆ ಪದರ ಉದ್ದಕ್ಕೆ ಹಿಗ್ಗುತ್ತದೆ. ಒಳಪದರದ ನಾರು ಉದ್ದಕ್ಕೆ ಸಾಗಿರುವುದರಿಂದ ಅದು ಹಿಗ್ಗದಂತೆ ತಡೆಯುತ್ತದೆ. ಒಣಗಿದಾಗ ಹೊರಪದರ ಕುಗ್ಗಿ ಎಸಳನ್ನು ಹೊರಕ್ಕೆ ಎಳೆಯುತ್ತದೆ. ಇಲ್ಲಿ ಅತ್ಯಂತ ಮಹತ್ತ್ವದ ಸಂಗತಿಯೆಂದರೆ ಆ ಅಂಗಾಂಶ ಸತ್ತದ್ದು. ಮರದಿಂದ ಉದುರಿ ನೆಲದಲ್ಲಿ ಬಿದ್ದಿರುವ ಶಂಕುವೂ ಹವೆಯೊಡನೆ ತೆರೆಯುತ್ತ ಮುಚ್ಚುತ್ತ ಇರುತ್ತದೆ. ಎಂದರೆ ಈ ಚಲನೆಗೆ ಜೀವವಾಗಲಿ ಆಹಾರವಾಗಲಿ ಬೇಕಿಲ್ಲ, ನಾರನ್ನು ಜೋಡಿಸಿದ ಕ್ರಮವೊಂದೇ ಸಾಕು.

ಈ ಪಾಠವನ್ನು ಕಟ್ಟಡಗಳ ಗಾತ್ರಕ್ಕೆ ಬೆಳೆಸಿದವರು ಜರ್ಮನಿಯ ಸ್ಟುಟ್‌ಗಾರ್ಟ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪಿ ಆಖಿಮ್ ಮೆಂಗೆಸ್ ಮತ್ತು ಅವರ ಸಹೋದ್ಯೋಗಿಗಳು. ಸ್ಟೆಫನ್ ರೈಖರ್ಟ್ ಅವರ ಜೊತೆಗೂಡಿ ಅವರು ರಚಿಸಿದ ‘ಹೈಗ್ರೋಸ್ಕೋಪ್’ 2012ರಲ್ಲಿ ಪ್ಯಾರಿಸ್ಸಿನ ಪಾಂಪಿದೂ ಕೇಂದ್ರದಲ್ಲಿ ಪ್ರದರ್ಶಿತವಾಯಿತು. ಗಾಜಿನ ಪೆಟ್ಟಿಗೆಯೊಳಗೆ ತೂಗುಬಿಟ್ಟ ಆ ಮರದ ರಚನೆಯ ಎಸಳುಗಳು, ಪೆಟ್ಟಿಗೆಯ ಹವೆಯಲ್ಲಿ ತೇವ ಬದಲಾದಂತೆ ತಾವಾಗಿಯೇ ತೆರೆದು ಮುಚ್ಚುತ್ತಿದ್ದವು. ಪೆಟ್ಟಿಗೆಯ ಹವೆಯನ್ನು ಯಂತ್ರದಿಂದ ನಿಯಂತ್ರಿಸಲಾಗುತ್ತಿತ್ತು. ಆದರೆ ರಚನೆಯೊಳಗೆ ಸಂವೇದಕವಾಗಲಿ ಮೋಟಾರಾಗಲಿ ಇರಲಿಲ್ಲ. ಮರುವರ್ಷದ ‘ಹೈಗ್ರೋಸ್ಕಿನ್’ ಎಂಬ ಮಂಟಪ ಈ ಪ್ರಯೋಗವನ್ನು ಬಯಲಿಗೆ ತಂದಿತು. ಫ್ರಾನ್ಸಿನ ಆರ್ಲಿಯಾಂ ನಗರದ ಕಲಾಸಂಗ್ರಹಕ್ಕಾಗಿ ರಚಿಸಿದ ಆ ಮಂಟಪದ ಗೋಡೆಗಳಲ್ಲಿ ಹೂವಿನಂಥ ಕಿಂಡಿಗಳಿದ್ದು, ಸಾಪೇಕ್ಷ ಆರ್ದ್ರತೆ, ಎಂದರೆ ಆಯಾ ತಾಪದಲ್ಲಿ ಗಾಳಿ ಹಿಡಿಯಬಲ್ಲ ತೇವದಲ್ಲಿ ವಾಸ್ತವವಾಗಿ ಇರುವ ಪಾಲು, ಶೇಕಡ 30ರಿಂದ 90ರ ನಡುವೆ ಏರಿಳಿದಂತೆ ಅವು ಸ್ಪಂದಿಸುತ್ತವೆ. ಬಿಸಿಲಿನ ದಿನ ಅವು ತೆರೆದು ಒಳಗೆ ಬೆಳಕನ್ನು ಬಿಡುತ್ತವೆ, ಮಳೆ ಸಮೀಪಿಸಿದಾಗ ಮುಚ್ಚಿಕೊಳ್ಳುತ್ತವೆ. ಇಡೀ ಗೋಡೆ ಹವಾಮಾನದ ಫಲಕವಾಗುತ್ತದೆ.

ಈ ಎಸಳಿನ ರಚನೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಮರ ಎಲ್ಲ ದಿಕ್ಕಿನಲ್ಲೂ ಒಂದೇ ಬಗೆಯಾಗಿ ಹಿಗ್ಗುವುದಿಲ್ಲ. ಹಸಿಮರ ಪೂರ್ತಿ ಒಣಗುವಾಗ ಎಳೆಯ ಉದ್ದಕ್ಕೆ ಆಗುವ ಕುಗ್ಗು ಸಾಮಾನ್ಯವಾಗಿ ಶೇಕಡ 0.1ರಿಂದ 0.2 ಮಾತ್ರ, ಎಳೆಗೆ ಅಡ್ಡಲಾಗಿ, ವರ್ಷವಲಯಗಳ ಜಾಡಿನಲ್ಲಿ ಆಗುವ ಕುಗ್ಗು ಅನೇಕ ಮರಗಳಲ್ಲಿ ಶೇಕಡ 6ರಿಂದ 12ರವರೆಗೂ ಇರುತ್ತದೆ. ಬಡಗಿಗೆ ಇದು ಹಳೆಯ ಶತ್ರು. ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು ಇದರಿಂದಲೇ, ಹೆಚ್ಚು ಹಿಗ್ಗದ ಕುಗ್ಗದ ತೇಗಕ್ಕೆ ಬಾಗಿಲು ಕಿಟಕಿಗಳ ಕೆಲಸದಲ್ಲಿ ಅಷ್ಟೊಂದು ಬೆಲೆ ಬಂದಿರುವುದೂ ಇದರಿಂದಲೇ. ಸ್ಟುಟ್‌ಗಾರ್ಟಿನ ತಂಡ ಬಡಗಿಯ ಆಯ್ಕೆಯನ್ನು ತಿರುವುಮಾಡಿ, ಚೆನ್ನಾಗಿ ಹಿಗ್ಗುವ ಮೇಪಲ್ ಮರವನ್ನು ಆರಿಸಿಕೊಂಡು, ಅದರ ತೆಳುಹಾಳೆಗೆ ತೇವದಿಂದ ಹಿಗ್ಗದ ಕೃತಕ ಪದರವೊಂದನ್ನು ಅಂಟಿಸಿತು. ಹಾಳೆ ಹಿಗ್ಗಲು ಹವಣಿಸುತ್ತದೆ, ಅಂಟಿದ ಪದರ ಬಿಡುವುದಿಲ್ಲ; ಹಾಗಾಗಿ ಜೋಡಿ ಬಾಗುತ್ತದೆ. ಮರದ ಎಳೆಯನ್ನು ಯಾವ ಕೋನಕ್ಕೆ ಕತ್ತರಿಸಲಾಗಿದೆ ಎಂಬುದು ಬಾಗುವ ದಿಕ್ಕನ್ನು ತೀರ್ಮಾನಿಸುತ್ತದೆ. ಯಾವ ಆರ್ದ್ರತೆಯಲ್ಲಿ ಅಂಟಿಸಲಾಯಿತು ಎಂಬುದು ಎಸಳು ಯಾವ ಹವೆಯಲ್ಲಿ ಚಪ್ಪಟೆಯಾಗಿರಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ದಪ್ಪದ ಲೆಕ್ಕವೂ ಅಷ್ಟೇ ಸ್ಪಷ್ಟವಾದದ್ದು. ದ್ವಿಲೋಹ ಪಟ್ಟಿಯ ಬಾಗಿಗೆ ಸ್ಟೀಫನ್ ಟಿಮೊಶೆಂಕೊ 1925ರಲ್ಲಿ ಕೊಟ್ಟ ಸೂತ್ರ ಮರಕ್ಕೂ ಸಲ್ಲುತ್ತದೆ. ಸಮಾನ ದಪ್ಪದ, ಸಮಾನ ಬಿಗಿತದ ಎರಡು ಪದರಗಳ ಒಟ್ಟು ದಪ್ಪ 1 ಮಿಲಿಮೀಟರ್ ಆಗಿದ್ದು, ಅವುಗಳ ಹಿಗ್ಗಿನ ವ್ಯತ್ಯಾಸ ಶೇಕಡ 1 ಆಗಿದ್ದರೆ, ಹಾಳೆ ಸುಮಾರು 67 ಮಿಲಿಮೀಟರ್ ತ್ರಿಜ್ಯದ ವೃತ್ತದ ತುಂಡಿನಂತೆ ಬಾಗುತ್ತದೆ. ದಪ್ಪವನ್ನು ಇಮ್ಮಡಿಸಿದರೆ ತ್ರಿಜ್ಯವೂ ಇಮ್ಮಡಿಯಾಗಿ ಬಾಗು ಅರ್ಧಕ್ಕಿಳಿಯುತ್ತದೆ. ತೇವ ಒಳಗೆ ಇಳಿಯಲು ತಗಲುವ ಕಾಲವಂತೂ ದಪ್ಪದ ವರ್ಗದಂತೆ ಬೆಳೆಯುತ್ತದೆ, ಎಂದರೆ ಇಮ್ಮಡಿ ದಪ್ಪಕ್ಕೆ ನಾಲ್ಮಡಿ ಕಾಲ ಬೇಕು. ಹೀಗೆ ದಿಕ್ಕು, ಪ್ರಮಾಣ, ವೇಗ ಮೂರನ್ನೂ ಕತ್ತರಿಸುವ ಮತ್ತು ಅಂಟಿಸುವ ಹೊತ್ತಿಗೇ ನಿಗದಿಮಾಡಲಾಗುತ್ತದೆ. ವಿದ್ಯುನ್ಮಾನದಲ್ಲಿ ಪ್ರೋಗ್ರಾಮ್ ಎಂಬುದು ಯಂತ್ರದ ಹೊರಗೆ ಬರೆದು ಒಳಗೆ ತುಂಬುವ ಸೂಚನೆ. ಇಲ್ಲಿ ಅದು ವಸ್ತುವಿನ ಎಳೆಯಲ್ಲಿ, ದಪ್ಪದಲ್ಲಿ, ಪದರಗಳ ಜೋಡಣೆಯಲ್ಲಿ ಅಡಕವಾಗಿದೆ.

ಇದೇ ವಿಚಾರ ಬೇರೆ ವಸ್ತುಗಳಿಗೂ ಹರಡಿದೆ. ಅಮೆರಿಕದ ವಾಸ್ತುಶಿಲ್ಪಿ ಡೋರಿಸ್ ಸಂಗ್ 2011-12ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಿಲ್ಲಿಸಿದ ‘ಬ್ಲೂಮ್’ ಎಂಬ ರಚನೆಯಲ್ಲಿ ಸುಮಾರು 14,000 ದ್ವಿಲೋಹದ ತುಣುಕುಗಳಿದ್ದು, ಬಿಸಿಲು ಬಿದ್ದ ಕಡೆ ಅವು ಸುರುಳಿಗೊಂಡು ನೆರಳಿನ ಮತ್ತು ಗಾಳಿಯ ವಿನ್ಯಾಸವನ್ನು ಬದಲಿಸುತ್ತಿದ್ದವು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಜೆನಿಫರ್ ಲೂಯಿಸ್ ಅವರ ತಂಡ 2016ರಲ್ಲಿ ಹೈಡ್ರೋಜೆಲ್ಲಿಗೆ, ಎಂದರೆ ನೀರನ್ನು ಹೀರಿ ಉಬ್ಬುವ ಲೋಳೆಯಂಥ ವಸ್ತುವಿಗೆ, ಸೆಲ್ಯುಲೋಸ್ ನಾರನ್ನು ಬೆರೆಸಿ ಮುದ್ರಿಸುವ ವಿಧಾನವನ್ನು ಪ್ರಕಟಿಸಿತು. ಮುದ್ರಣದ ಮೂತಿ ಸಾಗಿದ ದಿಕ್ಕಿನಲ್ಲೇ ನಾರು ಸಾಲುಗೊಳ್ಳುವುದರಿಂದ, ಚಪ್ಪಟೆಯಾಗಿ ಮುದ್ರಿಸಿದ ಹಾಳೆ ನೀರಿಗೆ ಬಿದ್ದಾಗ ಮೊದಲೇ ಯೋಚಿಸಿದ ಹೂವಿನ ಆಕಾರಕ್ಕೆ ತಿರುಗುತ್ತದೆ.

ಇಲ್ಲಿಯವರೆಗಿನ ಫಲಕಗಳಿಗೆ ಒಂದು ಮಿತಿಯಿದೆ. ಅವು ತಮ್ಮ ಸುತ್ತಣ ಹವೆಯನ್ನು ಮಾತ್ರ ಹೇಳಬಲ್ಲವು; ಬೇಕಾದ ಅಕ್ಷರವನ್ನೋ ನಕ್ಷೆಯನ್ನೋ ತೋರಿಸಬೇಕಾದರೆ ಫಲಕಕ್ಕೆ ಆಜ್ಞೆಯನ್ನು ಸ್ವೀಕರಿಸುವ, ತರ್ಕಿಸುವ, ನೆನಪಿಟ್ಟುಕೊಳ್ಳುವ ಶಕ್ತಿ ಬೇಕು. ಆ ಶಕ್ತಿಯನ್ನೂ ವಿದ್ಯುತ್ತಿಲ್ಲದೆ ಪಡೆಯಬಹುದೆಂದು ತೋರಿಸಿದ್ದು ಹರಿವಿನ ತರ್ಕ. 1960ರಲ್ಲಿ ಅಮೆರಿಕದ ಸೇನೆಯ ಡೈಮಂಡ್ ಪ್ರಯೋಗಾಲಯ ಚಲಿಸುವ ಭಾಗಗಳೇ ಇಲ್ಲದ ಗಾಳಿಯ ಸ್ವಿಚ್ಚನ್ನು ಪ್ರಕಟಿಸಿತು. ಹರಿಯುವ ಗಾಳಿಯ ಧಾರೆ ಹತ್ತಿರದ ಗೋಡೆಗೆ ಅಂಟಿಕೊಂಡು ಸಾಗುವ ಗುಣಕ್ಕೆ ರುಮೇನಿಯಾದ ಎಂಜಿನಿಯರ್ ಆನ್ರಿ ಕೊಆಂಡಾ ಅವರ ಹೆಸರಿದೆ. ಕವಲೊಡೆದ ಕಾಲುವೆಯಲ್ಲಿ ಧಾರೆ ಒಂದು ಗೋಡೆಗೆ ಅಂಟಿದರೆ ಅಲ್ಲಿಯೇ ನಿಲ್ಲುತ್ತದೆ, ಪಕ್ಕದಿಂದ ಒಂದು ಸಣ್ಣ ಊದು ತಗಲಿದರೆ ಇನ್ನೊಂದು ಗೋಡೆಗೆ ಹಾರುತ್ತದೆ. ಎರಡು ಸ್ಥಿರ ಸ್ಥಿತಿಗಳುಳ್ಳ ಈ ಧಾರೆ ಗಣಕದ ಸೊನ್ನೆ ಮತ್ತು ಒಂದನ್ನು ಪ್ರತಿನಿಧಿಸಬಲ್ಲದು. ಸಂಕಲಿತ ಮಂಡಲಗಳು, ಎಂದರೆ ಒಂದೇ ಚಿಪ್ಪಿನಲ್ಲಿ ಅಡಗಿಸಿದ ವಿದ್ಯುನ್ಮಾನ ಜಾಲಗಳು, ಅಗ್ಗವಾದ ಮೇಲೆ ಈ ವಿದ್ಯೆ ಹಿಂದೆ ಸರಿಯಿತು.

ಮೃದುವಾದ ರಬ್ಬರಿನಂಥ ವಸ್ತುಗಳು ಅದಕ್ಕೆ ಮತ್ತೆ ಬಾಳು ಕೊಟ್ಟಿವೆ. 2016ರಲ್ಲಿ ಹಾರ್ವರ್ಡಿನಲ್ಲಿ ರೂಪುಗೊಂಡ ‘ಆಕ್ಟೋಬಾಟ್’ ಎಂಬ ಎಂಟು ತೋಳುಗಳ ಪುಟ್ಟ ರೋಬಾಟ್‌ನಲ್ಲಿ ಗಡಸು ಅಂಗವೊಂದೂ ಇಲ್ಲ. ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣ ಪ್ಲಾಟಿನಮ್ ಸೋಕಿದಾಗ ಒಡೆದು ಹೊಮ್ಮಿಸುವ ಆಮ್ಲಜನಕ ಅದರ ತೋಳುಗಳನ್ನು ಉಬ್ಬಿಸುತ್ತದೆ, ಯಾವ ತೋಳುಗಳ ಸರದಿ ಯಾವಾಗ ಎಂಬುದನ್ನು ಒಡಲೊಳಗಿನ ಸೂಕ್ಷ್ಮ ಕಾಲುವೆಗಳ ಜಾಲ ನಿರ್ಧರಿಸುತ್ತದೆ. ಜಾರ್ಜ್ ವೈಟ್‌ಸೈಡ್ಸ್ ಅವರ ಹಾರ್ವರ್ಡ್ ತಂಡ 2018ರಲ್ಲಿ ಪ್ರಕಟಿಸಿದ ಮೃದು ಕವಾಟ ಇನ್ನೂ ಸರಳವಾದದ್ದು. ಎರಡು ಕೋಣೆಗಳ ನಡುವೆ ಸಿಲಿಕೋನಿನ ಅರೆಗೋಳದ ಪೊರೆಯೊಂದಿದೆ. ಒತ್ತಡ ಒಂದು ಮಿತಿಯನ್ನು ದಾಟಿದೊಡನೆ ಅದು ಟಪ್ಪನೆ ಮಗುಚಿ ಎದುರುದಿಕ್ಕಿಗೆ ಉಬ್ಬುತ್ತದೆ, ಮಗುಚುವಾಗ ಪಕ್ಕದ ಕೊಳವೆಯನ್ನು ಮಡಿಸಿ ಗಾಳಿಯ ಹರಿವನ್ನು ತಡೆಯುತ್ತದೆ. ಮರುವರ್ಷ ಅದೇ ಬಗೆಯ ಕವಾಟಗಳಿಂದ ತರ್ಕದ್ವಾರಗಳನ್ನು, ಎಂದರೆ ಒಂದೆರಡು ಸಂಕೇತಗಳನ್ನು ಕೂಡಿಸಿ ತೀರ್ಮಾನ ಕೊಡುವ ಘಟಕಗಳನ್ನು ಕಟ್ಟಲಾಯಿತು. ಅಂಥ ಮೂರು ಕವಾಟಗಳನ್ನು ಬಳೆಯಾಗಿ ಜೋಡಿಸಿದಾಗ, ಏರಿಳಿತವಿಲ್ಲದ ಒಂದೇ ಗಾಳಿಮೂಲದಿಂದ ತಾಳಬದ್ಧ ಚಲನೆ ಹುಟ್ಟುವುದೂ ಸಿದ್ಧವಾಯಿತು. ಮಗುಚಿದ ಪೊರೆ ಮತ್ತೆ ಆಜ್ಞೆ ಬರುವವರೆಗೆ ಹಾಗೆಯೇ ನಿಲ್ಲುವಂತೆ ರಚಿಸಬಹುದಾದುದರಿಂದ ಅದೇ ಫಲಕದ ನೆನಪೂ ಆಗಬಲ್ಲದು.

ಸಾವಿರಾರು ಚುಕ್ಕಿಗಳ ಫಲಕಕ್ಕೆ ಸಾವಿರಾರು ಕೊಳವೆಗಳು ಬೇಕಾಗುವುದಿಲ್ಲವೆ ಎಂಬ ಆಕ್ಷೇಪಕ್ಕೂ ಉತ್ತರವಿದೆ. ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ಸ್ಟೀಫನ್ ಕ್ವೇಕ್ ಅವರ ತಂಡ 2002ರಲ್ಲಿ, ಒಂದು ಕಾಲುವೆಯ ಒತ್ತಡ ಇನ್ನೊಂದು ಕಾಲುವೆಯನ್ನು ಅಮುಕಿ ಮುಚ್ಚುವ ಸೂಕ್ಷ್ಮ ಕವಾಟಗಳನ್ನು ಬಳಸಿ, ಕೆಲವೇ ಕಾಲುವೆಗಳಿಂದ ಬಹಳ ಕಾಲುವೆಗಳನ್ನು ಆಳುವ ಕ್ರಮವನ್ನು ತೋರಿಸಿತು. ಪ್ರತಿಯೊಂದು ಕಾಲುವೆಗೂ ಸೊನ್ನೆ ಮತ್ತು ಒಂದರ ವಿಳಾಸ ಕೊಟ್ಟು, ವಿಳಾಸದ ಪ್ರತಿ ಅಂಕಿಗೆ ಎರಡು ಆಳುವ ಕಾಲುವೆಗಳನ್ನು ಇಟ್ಟರೆ, 1024 ಕಾಲುವೆಗಳಲ್ಲಿ ಬೇಕಾದುದನ್ನು ಆರಿಸಲು 20 ಕಾಲುವೆಗಳು ಸಾಕಾಗುತ್ತವೆ.

ಈ ವಿದ್ಯೆಗೆ ನಿಜವಾದ ಮಾನವೀಯ ಒತ್ತಾಯ ಬಂದಿರುವುದು ಅಂಧರ ಓದಿನಿಂದ. ಫ್ರಾನ್ಸಿನ ಲೂಯಿ ಬ್ರೈಲ್ 1829ರಲ್ಲಿ ಪ್ರಕಟಿಸಿದ ಆರು ಚುಕ್ಕಿಗಳ ಲಿಪಿಯನ್ನೇ ಆಧರಿಸಿದ ಭಾರತಿ ಬ್ರೈಲ್‌ನಲ್ಲಿ ಕನ್ನಡವನ್ನೂ ಓದಲಾಗುತ್ತದೆ. ಕಂಪ್ಯೂಟರಿಗೆ ಜೋಡಿಸಿ ಓದುವ ಈಗಿನ ಬ್ರೈಲ್ ಸಾಧನಗಳಲ್ಲಿ ಪ್ರತಿ ಚುಕ್ಕಿಯನ್ನೂ ವಿದ್ಯುತ್ತಿನಿಂದ ಬಾಗುವ ಸ್ಫಟಿಕದ ಪಟ್ಟಿಯೊಂದು ಎತ್ತುತ್ತದೆ. ಪಟ್ಟಿಗಳು ಉದ್ದವಾದುದರಿಂದಲೂ ದುಬಾರಿಯಾದುದರಿಂದಲೂ ಬಹುಪಾಲು ಸಾಧನಗಳು ಒಂದೇ ಸಾಲಿಗೆ ಸೀಮಿತವಾಗಿವೆ. ಕಥೆಯನ್ನು ಒಂದೊಂದೇ ಸಾಲಾಗಿ ಓದಬಹುದು. ಆದರೆ ಕೋಷ್ಟಕ, ಬೀಜಗಣಿತದ ಸಮೀಕರಣ, ಜಿಲ್ಲೆಯ ನಕ್ಷೆ, ರೇಖಾಚಿತ್ರ ಇವು ಒಂದು ಸಾಲಿನಲ್ಲಿ ಹಿಡಿಯುವಂಥವಲ್ಲ. ಸಾಲಿಗೆ 40 ಕೋಶಗಳಂತೆ 25 ಸಾಲುಗಳ ಬ್ರೈಲ್ ಪುಟಕ್ಕೆ 6000 ಚುಕ್ಕಿಗಳು ಬೇಕು. ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸ್ವತಃ ದೃಷ್ಟಿಯಿಲ್ಲದ ಪ್ರಾಧ್ಯಾಪಕಿ ಶೀಲಾ ಓ’ಮೊಡ್ರೇನ್ ಮತ್ತು ಯಂತ್ರಶಾಸ್ತ್ರದ ಪ್ರಾಧ್ಯಾಪಕ ಬ್ರೆಂಟ್ ಗಿಲೆಸ್ಪಿ ಕೈಗೊಂಡ ಸಂಶೋಧನೆ ಗಾಳಿಯ ದಾರಿಯನ್ನು ಹಿಡಿದದ್ದು ಈ ಕಾರಣಕ್ಕೆ: ತೆಳುಪೊರೆಯ ಪುಟ್ಟ ಗುಳ್ಳೆಗಳು ಗಾಳಿಯಿಂದ ಉಬ್ಬಿ ಬೆರಳಿಗೆ ಚುಕ್ಕಿಯಾಗುತ್ತವೆ, ಅವನ್ನು ಆಳುವ ಸೂಕ್ಷ್ಮ ಕಾಲುವೆಗಳನ್ನೂ ಕವಾಟಗಳನ್ನೂ ಅದೇ ಫಲಕದ ಪದರಗಳಲ್ಲಿ ಒಟ್ಟಿಗೆ ಅಚ್ಚುಹಾಕಬಹುದು. ಸಾವಿರಾರು ಬಿಡಿಭಾಗಗಳನ್ನು ಒಂದೊಂದಾಗಿ ಜೋಡಿಸುವ ಕೆಲಸ ತಪ್ಪಿದರೆ ಬೆಲೆ ಇಳಿಯುವ ದಾರಿ ತೆರೆಯುತ್ತದೆ.

ಈ ಫಲಕಗಳ ಕೊರತೆಗಳನ್ನು ಮರೆಮಾಚಬೇಕಾದುದಿಲ್ಲ. ಮರದ ಎಸಳು ಅವಸರದಲ್ಲಿ ಚಲಿಸದು. ದೀರ್ಘಕಾಲದ ತೇವ ಅದಕ್ಕೆ ಬೂಷ್ಟನ್ನು ತರಬಲ್ಲದು. ಒಂದು ಸೀಮೆಯ ಹವೆಗೆ ಹೊಂದಿಸಿದ ಎಸಳು ಇನ್ನೊಂದು ಸೀಮೆಯಲ್ಲಿ ಉಪಯೋಗಕ್ಕೆ ಬಾರದೆ ಹೋಗಬಹುದು: ಗಾಳಿ ತಿಂಗಳುಗಟ್ಟಲೆ ತೇವದಿಂದ ತುಂಬಿರುವ ಕರಾವಳಿಯ ಮಳೆಗಾಲದಲ್ಲಿ ಅದು ಮುಚ್ಚಿಯೇ ಇರುತ್ತದೆ, ಬಿಸಿಲು ಚುರುಕಾಗಿರುವ ಕಲಬುರಗಿಯ ಬಯಲಿಗೆ ದ್ವಿಲೋಹವೇ ಹೆಚ್ಚು ತಕ್ಕದ್ದು. ಗಾಳಿಯ ತರ್ಕ ವಿದ್ಯುತ್ ತರ್ಕಕ್ಕಿಂತ ಬಹಳ ನಿಧಾನ. ಗಾಳಿಗೆ ಒತ್ತಡ ಕೊಡುವ ಪಂಪಿಗೆ ಅನೇಕ ವೇಳೆ ವಿದ್ಯುತ್ತೇ ಬೇಕು. ಪದೇಪದೇ ಮಗುಚುವ ಪೊರೆ ಒಂದು ದಿನ ದಣಿದು ಹರಿಯುತ್ತದೆ. ಚಲನಚಿತ್ರ ತೋರಿಸುವ ಕೆಲಸಕ್ಕೆ ಇವು ಎಂದೂ ಒದಗಲಾರವು.

ಆದರೆ ಎಲ್ಲ ಕೆಲಸಕ್ಕೂ ಆ ವೇಗ ಬೇಕಿಲ್ಲ. ಕಟ್ಟಡದ ನೆರಳು ಬಿಸಿಲಿನ ಗತಿಯಲ್ಲಿ ಬದಲಾದರೆ ಸಾಕು, ಬಾಯ್ಲರಿನ ಮುಳ್ಳು ಒತ್ತಡದ ಗತಿಯಲ್ಲಿ ತಿರುಗಿದರೆ ಸಾಕು, ಬ್ರೈಲ್ ಪುಟ ಓದುಗನ ಬೆರಳು ಕೊನೆಯ ಸಾಲಿಗೆ ಬಂದಾಗ ಮಗುಚಿದರೆ ಸಾಕು. ಸಾಧನವೊಂದನ್ನು ಯೋಜಿಸುವವರು ಅದಕ್ಕೆ ಯಾವ ಚಿಪ್ಪು ಹೊಂದುತ್ತದೆ ಎಂದು ಹುಡುಕುವ ಮೊದಲು, ಆ ಕೆಲಸವನ್ನು ವಸ್ತುವೇ ಮಾಡಬಲ್ಲದೆ ಎಂದು ಕೇಳಿಕೊಳ್ಳುವುದು ವಿವೇಕದ ಕ್ರಮ. ಅದಕ್ಕೆ ಬಡಗಿಗೆ ಗೊತ್ತಿರುವ ಎಳೆಯ ಜ್ಞಾನವೂ ಗಣಿತಜ್ಞನಿಗೆ ಗೊತ್ತಿರುವ ಬಾಗಿನ ಸೂತ್ರವೂ ಒಂದೇ ಪಾಠಪಟ್ಟಿಯಲ್ಲಿ ಕೂಡಿಬರಬೇಕು, ಎಂಜಿನಿಯರಿಂಗ್ ವಿದ್ಯಾರ್ಥಿಗಳು ವಸ್ತುಗಳನ್ನು ಕೈಯಿಂದ ಮುಟ್ಟಿ ತಿಳಿಯುವ ಅಭ್ಯಾಸ ಮರಳಿ ಬರಬೇಕು. ಭೂಗೋಳದ ತರಗತಿಯಲ್ಲಿ ಕುಳಿತ ಅಂಧ ವಿದ್ಯಾರ್ಥಿನಿಯೊಬ್ಬಳು ಇಡೀ ನಕ್ಷೆಯನ್ನು ಒಮ್ಮೆಗೇ ಬೆರಳಿನಿಂದ ಓದುವಂಥ ಫಲಕ ಸಾಮಾನ್ಯ ಶಾಲೆಯ ಕೈಗೆಟುಕುವ ಬೆಲೆಗೆ ದೊರೆತ ದಿನ, ಈ ಶ್ರಮವೆಲ್ಲ ಸಾರ್ಥಕವಾಯಿತೆಂದು ಹೇಳಬಹುದು.